ಯಕೃತ್ತು ಮತ್ತು ಪಿತ್ತಕೋಶದ ಆರೋಗ್ಯಕ್ಕೆ ಪೂರಕಗಳನ್ನು ಬಳಸುವ ಕ್ರಮ: ಸಮಗ್ರ ಮಾರ್ಗದರ್ಶಿ

ವಾರ್ಷಿಕ ತಪಾಸಣೆಯ ಸ್ಕ್ಯಾನಿಂಗ್ ವರದಿಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂಬ ಸಾಲು ಕಂಡೊಡನೆ ಬಹಳಷ್ಟು ಮಂದಿ ನೇರವಾಗಿ ಔಷಧದಂಗಡಿಗೆ ಹೋಗಿ ಒಂದು ಲಿವರ್ ಟಾನಿಕ್ ಕೊಳ್ಳುತ್ತಾರೆ. ಈ ಮಾರ್ಗದರ್ಶಿಯಲ್ಲಿ ಆ ಕೆಲಸ ಬರುವುದು ನಾಲ್ಕನೆಯ ಹಂತದಲ್ಲಿ. ಮೊದಲ ಮೂರು ಹಂತಗಳನ್ನು ಸರಿಯಾಗಿ ಮುಗಿಸಿದ ಅನೇಕರಿಗೆ ನಾಲ್ಕನೆಯದರ ಅಗತ್ಯವೇ ಬೀಳುವುದಿಲ್ಲ ಎಂಬುದನ್ನೂ ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು. ನಾವು ನುಂಗಿದ್ದರಲ್ಲಿ ಹೆಚ್ಚಿನದು ಕರುಳಿನಿಂದ ಪೋರ್ಟಲ್ ರಕ್ತನಾಳದ ಮೂಲಕ ಮೊದಲು ತಲುಪುವುದು ಯಕೃತ್ತನ್ನೇ. ಯಕೃತ್ತಿನ ಒಳಿತಿಗೆಂದು ನುಂಗಿದ ಮಾತ್ರೆಯನ್ನು ಒಡೆದು ವಿಲೇವಾರಿ ಮಾಡಬೇಕಾದ ಹೊಣೆಯೂ ಆ ಯಕೃತ್ತಿನದೇ ಆಗಿರುವುದರಿಂದ, ಪೂರಕವೊಂದರ ಲಾಭವನ್ನು ಅಳೆಯುವ ಮೊದಲು ಅದು ಹೇರುವ ಹೊರೆಯನ್ನು ಅಳೆಯಬೇಕಾಗುತ್ತದೆ.

ಮೊದಲನೆಯ ಹಂತ: ತೊಂದರೆ ಏನೆಂದು ತಿಳಿದುಕೊಳ್ಳಿ

ಯಕೃತ್ತಿನ ಕಾಯಿಲೆ ಎಂಬುದು ಒಂದೇ ಕಾಯಿಲೆಯಲ್ಲ. ಕೊಬ್ಬು ತುಂಬಿದ ಯಕೃತ್ತು, ಹೆಪಟೈಟಿಸ್ ಬಿ ವೈರಸ್, ಮದ್ಯಪಾನದ ಹಾನಿ, ಪಿತ್ತನಾಳದ ಅಡಚಣೆ ಇವುಗಳಿಗೆಲ್ಲ ಒಂದೇ ಬಾಟಲಿಯ ಪರಿಹಾರ ಇರಲಾರದು. ಆದ್ದರಿಂದ ಮೊದಲು ಲಿವರ್ ಫಂಕ್ಷನ್ ಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆ, ಹೊಟ್ಟೆಯ ಅಲ್ಟ್ರಾಸೌಂಡ್, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳನ್ನು ಮಾಡಿಸಿಕೊಳ್ಳಬೇಕು. ವರದಿಯಲ್ಲಿ ಎಸ್‌ಜಿಪಿಟಿ ಮತ್ತು ಎಸ್‌ಜಿಒಟಿ ಎಂಬ ಕಿಣ್ವಗಳು ಏರಿದ್ದರೆ ಯಕೃತ್ತಿನ ಜೀವಕೋಶಗಳಿಗೆ ಪೆಟ್ಟು ಬೀಳುತ್ತಿದೆ ಎಂದೂ, ಆಲ್ಕಲೈನ್ ಫಾಸ್ಫಟೇಸ್ ಮತ್ತು ಜಿಜಿಟಿ ಎರಡೂ ಏರಿದ್ದರೆ ಪಿತ್ತರಸದ ಹರಿವಿಗೆ ತಡೆ ಇರಬಹುದೆಂದೂ ಸ್ಥೂಲವಾಗಿ ಓದಿಕೊಳ್ಳಬಹುದು. ಆಲ್ಬುಮಿನ್ ಮತ್ತು ಪ್ಲೇಟ್‌ಲೆಟ್ ಕುಸಿದಿದ್ದರೆ ಕಾಯಿಲೆ ಮುಂದುವರಿದಿರುವ ಸಾಧ್ಯತೆಯಿದ್ದು, ಆಗ ಸ್ವಂತ ಪ್ರಯೋಗಕ್ಕೆ ಜಾಗವಿಲ್ಲ.

ಫ್ಯಾಟಿ ಲಿವರ್ ಇರುವವರು ಫಿಬ್-4 ಎಂಬ ಲೆಕ್ಕವನ್ನು ಮನೆಯಲ್ಲೇ ಮಾಡಬಹುದು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಆ ಮೊತ್ತವನ್ನು ಪ್ಲೇಟ್‌ಲೆಟ್ ಸಂಖ್ಯೆ (ಸಾವಿರಗಳಲ್ಲಿ) ಮತ್ತು ಎಸ್‌ಜಿಪಿಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಬೇಕು. ಉದಾಹರಣೆಗೆ 48 ವರ್ಷದವರಿಗೆ ಎಸ್‌ಜಿಒಟಿ 40, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 2.4 ಲಕ್ಷ ಇದ್ದರೆ, 1920ನ್ನು 240 ಮತ್ತು 8ರ ಗುಣಲಬ್ಧವಾದ 1920ರಿಂದ ಭಾಗಿಸಿದಾಗ 1.0 ಬರುತ್ತದೆ. ಉತ್ತರ 1.3ಕ್ಕಿಂತ ಕಡಿಮೆಯಿದ್ದರೆ ಯಕೃತ್ತಿನಲ್ಲಿ ಗಂಭೀರ ನಾರುಗಟ್ಟುವಿಕೆ ಇರುವ ಸಂಭವ ಕಡಿಮೆ, 2.67ಕ್ಕಿಂತ ಹೆಚ್ಚಿದ್ದರೆ ತಜ್ಞರ ಬಳಿ ಹೋಗಲೇಬೇಕು. ನಡುವೆ ಇದ್ದರೆ ಯಕೃತ್ತಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸುವುದು ರೂಢಿ. 35 ವರ್ಷದೊಳಗಿನವರಲ್ಲಿ ಈ ಲೆಕ್ಕ ನಂಬಿಕೆಗೆ ಅರ್ಹವಲ್ಲ. 65 ದಾಟಿದವರಿಗೆ ಕೆಳಗಿನ ಮಿತಿಯನ್ನು 2.0 ಎಂದು ಹಿಡಿಯುತ್ತಾರೆ.

ಇನ್ನೊಂದು ಸ್ಥಿತಿಯನ್ನು ಇಲ್ಲೇ ಹೇಳಬೇಕು. ಉಳಿದೆಲ್ಲ ಅಂಕಿಗಳು ಸರಿಯಾಗಿದ್ದು, ಬಿಲಿರುಬಿನ್ (ಕಾಮಾಲೆ ತರುವ ಹಳದಿ ವರ್ಣದ್ರವ್ಯ) ಮಾತ್ರ, ಅದರಲ್ಲೂ ‘ಇನ್‌ಡೈರೆಕ್ಟ್’ ಭಾಗ ಮಾತ್ರ, ತುಸು ಹೆಚ್ಚಿರುವವರಲ್ಲಿ ಬಹುತೇಕರಿಗೆ ಇರುವುದು ಗಿಲ್ಬರ್ಟ್ ಸಿಂಡ್ರೋಮ್ ಎಂಬ ಹುಟ್ಟು ಲಕ್ಷಣ. ರಕ್ತಕಣಗಳು ಅತಿಯಾಗಿ ಒಡೆಯುತ್ತಿಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆ ಅದಕ್ಕೆ ಚಿಕಿತ್ಸೆಯೇ ಬೇಕಿಲ್ಲ. ಉಪವಾಸವಿದ್ದಾಗ, ಜ್ವರ ಬಂದಾಗ ಕಣ್ಣು ಸ್ವಲ್ಪ ಹಳದಿಯಾಗುತ್ತದೆಂದು ವರ್ಷಗಟ್ಟಲೆ ಕಾಮಾಲೆ ಮದ್ದು ಕುಡಿಯುವವರಲ್ಲಿ ಇಂಥವರು ಕಡಿಮೆಯಿಲ್ಲ.

ಚಳಿಜ್ವರದೊಂದಿಗೆ ಬಲಪಕ್ಕೆಯ ಮೇಲ್ಭಾಗದಲ್ಲಿ ನೋವು ಮತ್ತು ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತವಾಂತಿ, ಕಪ್ಪು ಮಲ, ಮಂಕು ಅಥವಾ ಗೊಂದಲ ಕಂಡರೆ ಮಾರ್ಗದರ್ಶಿಯನ್ನು ಬದಿಗಿಟ್ಟು ಅಂದೇ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರ ಕಾಮಾಲೆಯನ್ನೂ ಹೀಗೆಯೇ ತುರ್ತೆಂದು ಪರಿಗಣಿಸಬೇಕು, ಏಕೆಂದರೆ ಹೆಪಟೈಟಿಸ್ ಇ ಅವರಲ್ಲಿ ಪ್ರಾಣಾಂತಿಕವಾಗಬಲ್ಲದು.

ಎರಡನೆಯ ಹಂತ: ಈಗಾಗಲೇ ನುಂಗುತ್ತಿರುವುದನ್ನು ಪಟ್ಟಿ ಮಾಡಿ

ನನ್ನ ದೃಷ್ಟಿಯಲ್ಲಿ ಇಡೀ ಕ್ರಮದಲ್ಲಿ ಅತಿ ಹೆಚ್ಚು ಪ್ರಯೋಜನ ಕೊಡುವ ಹಂತ ಇದು, ಮತ್ತು ಅತಿ ಹೆಚ್ಚು ಮಂದಿ ಬಿಟ್ಟುಬಿಡುವ ಹಂತವೂ ಇದೇ. ವೈದ್ಯರು ಬರೆದುಕೊಟ್ಟ ಮಾತ್ರೆಗಳಷ್ಟೇ ಪಟ್ಟಿಗೆ ಬಂದರೆ ಸಾಲದು. ಬೆಳಗಿನ ಕಷಾಯ, ತೂಕ ಇಳಿಸುವ ಪುಡಿ, ಜಿಮ್‌ನಲ್ಲಿ ಕೊಟ್ಟ ಡಬ್ಬಿ, ಕೂದಲಿಗೆಂದು ತೆಗೆದುಕೊಳ್ಳುವ ಕ್ಯಾಪ್ಸೂಲ್, ಮೊಣಕಾಲು ನೋವಿಗೆ ನಾಟಿವೈದ್ಯರು ಕೊಟ್ಟ ಗುಳಿಗೆ, ತಲೆನೋವು ಬಂದಾಗಲೆಲ್ಲ ನುಂಗುವ ಪ್ಯಾರಾಸಿಟಮಾಲ್ ಎಲ್ಲವನ್ನೂ ಪ್ರಮಾಣದ ಸಮೇತ ಬರೆಯಬೇಕು. ‘ಗಿಡಮೂಲಿಕೆ, ಹಾಗಾಗಿ ಏನೂ ಆಗುವುದಿಲ್ಲ’ ಎಂಬ ನಂಬಿಕೆ ಯಕೃತ್ತಿನ ವಿಷಯದಲ್ಲಿ ನಿಲ್ಲುವುದಿಲ್ಲ.

ಅರಿಶಿನವನ್ನೇ ನೋಡೋಣ. ಸಾರು, ಪಲ್ಯಕ್ಕೆ ಹಾಕುವ ಅರಿಶಿನದಿಂದ ಯಕೃತ್ತಿಗೆ ಹಾನಿಯಾದ ದಾಖಲೆಯನ್ನು ಹುಡುಕುವುದು ಕಷ್ಟ. ಆದರೆ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು 3 ಭಾಗ ಮಾತ್ರ. 500 ಮಿಲಿಗ್ರಾಮಿನ ‘95 ಪ್ರತಿಶತ’ ಕ್ಯಾಪ್ಸೂಲ್ ಒಂದರಲ್ಲಿ ಇರುವಷ್ಟು ಕರ್ಕ್ಯುಮಿನ್‌ಗೆ ಸುಮಾರು 16 ಗ್ರಾಂ ಪುಡಿ ತಿನ್ನಬೇಕಾಗುತ್ತದೆ. ಜೊತೆಗೆ ಇಂಥ ಕ್ಯಾಪ್ಸೂಲುಗಳಲ್ಲಿ ಕರಿಮೆಣಸಿನ ಪೈಪರಿನ್ ಸೇರಿಸುತ್ತಾರೆ. ಪೈಪರಿನ್ ಜೊತೆಗಿದ್ದರೆ ಮನುಷ್ಯರಲ್ಲಿ ಕರ್ಕ್ಯುಮಿನ್ ಹೀರಿಕೆ ಸುಮಾರು 20 ಪಟ್ಟು ಹೆಚ್ಚುತ್ತದೆಂದು 1998ರಲ್ಲಿ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅಧ್ಯಯನವೇ. ಹೀರಿಕೆ ಹೆಚ್ಚಿದಂತೆ ಅಪಾಯವೂ ಹೆಚ್ಚಿರಬಹುದೆಂಬ ಸಂದೇಹ ಈಗ ಬಲವಾಗಿದೆ. ಅಮೆರಿಕದ ಔಷಧಜನ್ಯ ಯಕೃತ್ ಹಾನಿಯ ಅಧ್ಯಯನ ಜಾಲವು 2022ರಲ್ಲಿ ಅರಿಶಿನ ಪೂರಕಗಳಿಂದ ಹಾನಿಗೊಳಗಾದ 10 ಮಂದಿಯ ವಿವರ ಪ್ರಕಟಿಸಿತು. ಅವರಲ್ಲಿ 7 ಮಂದಿಯಲ್ಲಿ ಒಂದೇ ಬಗೆಯ ರೋಗನಿರೋಧಕ ಜೀನ್ ಕಂಡುಬಂದಿತ್ತು, ಒಬ್ಬರು ತೀರಿಕೊಂಡಿದ್ದರು.

ಉಪ್ಪಾಗೆಯ ಕಥೆಯೂ ಹೀಗೆಯೇ ಇದೆ. ಪಶ್ಚಿಮ ಘಟ್ಟದ ಈ ಹುಳಿಹಣ್ಣಿನ ರಸವನ್ನು ಕುದಿಸಿ ಮಾಡುವ ಕಾಚಂಪುಳಿ ಕೊಡವರ ಅಡುಗೆಯಲ್ಲಿ ತಲೆತಲಾಂತರದಿಂದ ಇದೆ; ಮಲೆನಾಡಿನಲ್ಲಿ ಅದರ ಬೀಜದಿಂದ ತುಪ್ಪವನ್ನೂ ತೆಗೆಯುತ್ತಾರೆ. ಇದೇ ಹಣ್ಣಿನ ಸಿಪ್ಪೆಯ ಸಾಂದ್ರ ಸಾರವೇ ‘ಗಾರ್ಸಿನಿಯಾ ಕಾಂಬೋಜಿಯಾ’ ಎಂಬ ಹೆಸರಿನಲ್ಲಿ ತೂಕ ಇಳಿಸುವ ಕ್ಯಾಪ್ಸೂಲಾಗಿ ಮಾರಾಟವಾಗುತ್ತದೆ, ಮತ್ತು ಅದನ್ನು ಬಳಸಿದವರಲ್ಲಿ ತೀವ್ರ ಯಕೃತ್ ಹಾನಿಯ ವರದಿಗಳು ಹಲವು ಬಂದಿವೆ. ಹಸಿರು ಚಹಾದ ವಿಷಯದಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಸ್ಪಷ್ಟ ಅಂಕಿ ಕೊಟ್ಟಿತು: ಲೋಟದಲ್ಲಿ ಕುದಿಸಿ ಕುಡಿಯುವ ಚಹಾ ಸಾಮಾನ್ಯವಾಗಿ ಸುರಕ್ಷಿತ, ಆದರೆ ಪೂರಕಗಳ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿ (ಹಸಿರು ಚಹಾದ ಮುಖ್ಯ ಸಕ್ರಿಯ ಅಂಶ) ಸೇವಿಸಿದವರಲ್ಲಿ ಯಕೃತ್ತಿನ ಕಿಣ್ವಗಳು ಏರಿದ್ದು ಕಂಡುಬಂದಿದೆ.

ಅಮೃತಬಳ್ಳಿಯ ಚರ್ಚೆ ಕೋವಿಡ್ ಕಾಲದ್ದು. 2021ರಲ್ಲಿ ಮುಂಬೈಯ ವೈದ್ಯರು, ಮರುವರ್ಷ ದೇಶದ 13 ಕೇಂದ್ರಗಳ ವೈದ್ಯರು ಒಟ್ಟಾಗಿ 43 ರೋಗಿಗಳ ವಿವರದೊಂದಿಗೆ, ಈ ಬಳ್ಳಿಯ ಕಷಾಯ ಸೇವಿಸಿದವರಲ್ಲಿ ಸ್ವಯಂನಿರೋಧಕ ಹೆಪಟೈಟಿಸ್‌ನಂಥ ಹಾನಿಯಾದುದನ್ನು ದಾಖಲಿಸಿದರು. ಆಯುಷ್ ಸಚಿವಾಲಯ ಮುಂಬೈಯ ವರದಿಯನ್ನು ಒಪ್ಪಲಿಲ್ಲ. ಅದೇ ಕುಲದ ಬೇರೊಂದು ಬಳ್ಳಿ ಬಳಕೆಯಾಗಿರಬಹುದೆಂದು ವಾದಿಸಿತು. ಆ ವಾದ ನಿಜವಾಗಿದ್ದರೂ ಬಳಸುವವರ ಪಾಲಿಗೆ ಅಪಾಯ ಅಷ್ಟೇ ಉಳಿಯುತ್ತದೆ, ಏಕೆಂದರೆ ಒಣಗಿದ ಕಾಂಡವನ್ನು ನೋಡಿ ಜಾತಿ ಗುರುತಿಸುವುದು ನಮ್ಮಿಂದಾಗದು. ಥೈರಾಯ್ಡ್ ಉರಿಯೂತ, ಸಂಧಿವಾತದಂಥ ಸ್ವಯಂನಿರೋಧಕ ಕಾಯಿಲೆ ಇರುವವರು ಇದನ್ನು ದೂರವಿಡುವುದೇ ಸರಿ. ಅಶ್ವಗಂಧ ಮತ್ತು ಬಾವಂಚಿ ಬೀಜದಿಂದಲೂ ಯಕೃತ್ ಹಾನಿಯ ಪ್ರಕರಣಗಳು ದಾಖಲಾಗಿವೆ.

ಪಟ್ಟಿ ಸಿದ್ಧವಾದ ಮೇಲೆ ಅನಗತ್ಯವಾದ ಪೂರಕಗಳನ್ನು ನಿಲ್ಲಿಸಿ, 6ರಿಂದ 8 ವಾರಗಳ ನಂತರ ಕಿಣ್ವಗಳನ್ನು ಮತ್ತೆ ಪರೀಕ್ಷಿಸಿ. ಅಂಕಿಗಳು ತಾವಾಗಿಯೇ ಇಳಿದರೆ ಕಾರಣ ಬಹುಮಟ್ಟಿಗೆ ಸಿಕ್ಕಂತಾಯಿತು. ವೈದ್ಯರು ಬರೆದ ಔಷಧಗಳನ್ನು ಮಾತ್ರ ಅವರನ್ನು ಕೇಳದೆ ನಿಲ್ಲಿಸಬಾರದು.

ಮೂರನೆಯ ಹಂತ: ತಟ್ಟೆ, ತೂಕ, ಲೋಟ

ಇದನ್ನು ಎಲ್ಲರೂ ಕೇಳಿರುವುದರಿಂದ ಅಂಕಿಗಳನ್ನಷ್ಟೇ ಕೊಡುತ್ತೇನೆ. ದೇಹತೂಕದ 5 ಪ್ರತಿಶತ ಇಳಿದರೆ ಯಕೃತ್ತಿನ ಕೊಬ್ಬು ಕರಗತೊಡಗುತ್ತದೆ, 7ರಿಂದ 10 ಪ್ರತಿಶತ ಇಳಿದರೆ ಉರಿಯೂತ ತಗ್ಗುತ್ತದೆ, 10 ಪ್ರತಿಶತ ದಾಟಿದರೆ ನಾರುಗಟ್ಟುವಿಕೆಯೂ ಹಿಮ್ಮೆಟ್ಟಬಲ್ಲದು. ಯಾವ ಪೂರಕವೂ ಈ ಸಾಲಿನ ಸಮೀಪಕ್ಕೆ ಬಂದಿಲ್ಲ. ಆದರೆ ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಅಪಾಯ ಏರುತ್ತದೆ. ಯಕೃತ್ತಿಗೆ ಹಿತವಾದದ್ದನ್ನು ಅವಸರದಿಂದ ಮಾಡಿದರೆ ಅದರ ಪಕ್ಕದಲ್ಲೇ ಇರುವ ಅಂಗಕ್ಕೆ ಅಹಿತವಾಗುತ್ತದೆ. ಮದ್ಯವನ್ನು ಬಿಡಬೇಕು; ಕುಡಿತ ಮುಂದುವರಿಸಿಕೊಂಡು ‘ಲಿವರ್‌ಗೆ ಒಂದು ಮಾತ್ರೆ’ ಕೇಳುವುದರಲ್ಲಿ ಅರ್ಥವಿಲ್ಲ.

ಕಾಫಿಯ ಬಗ್ಗೆ ಒಳ್ಳೆಯ ಸುದ್ದಿಯಿದೆ. ದಿನಕ್ಕೆ ಎರಡು ಮೂರು ಲೋಟ ಕಾಫಿ ಕುಡಿಯುವವರಲ್ಲಿ ಸಿರೋಸಿಸ್ (ಯಕೃತ್ತು ನಾರುಗಟ್ಟಿ ಗಡುಸಾಗುವ ಮುಂದುವರಿದ ಹಂತ) ಮತ್ತು ಯಕೃತ್ತಿನ ಕ್ಯಾನ್ಸರ್ ಕಡಿಮೆಯೆಂದು ಹಲವು ದೇಶಗಳ ವೀಕ್ಷಣಾ ಅಧ್ಯಯನಗಳು ಒಂದೇ ದನಿಯಲ್ಲಿ ಹೇಳುತ್ತವೆ. ರೋಗಲಕ್ಷಣ ತರುವ ಪಿತ್ತದ ಕಲ್ಲುಗಳೂ ಅವರಲ್ಲಿ ಕಡಿಮೆ. ಚಿಕ್ಕಮಗಳೂರು, ಕೊಡಗಿನ ನಾಡಿನವರಿಗೆ ಇದಕ್ಕಿಂತ ಸುಲಭವಾದ ಸಲಹೆ ಬೇರೊಂದಿಲ್ಲ. ಅರ್ಧದಷ್ಟು ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿಯೂ ಅರ್ಧವೇ ಇರುತ್ತದೆ ಎಂಬುದು ನೆನಪಿರಲಿ. ಸಕ್ಕರೆಯನ್ನು ಕಡಿಮೆ ಮಾಡಬೇಕು.

ನಾಲ್ಕನೆಯ ಹಂತ: ಕಾಯಿಲೆಗೆ ತಕ್ಕ ಪೂರಕವನ್ನು ಆರಿಸಿ

ಫ್ಯಾಟಿ ಲಿವರ್‌ನಲ್ಲಿ ಗಟ್ಟಿಯಾದ ಪುರಾವೆ ಇರುವ ಪೂರಕವೆಂದರೆ ವಿಟಮಿನ್ ಇ. 2010ರಲ್ಲಿ ಪ್ರಕಟವಾದ ಅಮೆರಿಕದ ಪಿವೆನ್ಸ್ ಪ್ರಯೋಗದಲ್ಲಿ, ಮಧುಮೇಹವಿಲ್ಲದ, ಬಯಾಪ್ಸಿಯಲ್ಲಿ ಉರಿಯೂತ ಖಚಿತವಾಗಿದ್ದ ವಯಸ್ಕರು 96 ವಾರ ದಿನಕ್ಕೆ 800 ಯೂನಿಟ್ ತೆಗೆದುಕೊಂಡಾಗ ನೂರಕ್ಕೆ 43 ಮಂದಿಯಲ್ಲಿ ಸುಧಾರಣೆ ಕಂಡಿತು. ಹುಸಿಮಾತ್ರೆ ಪಡೆದವರಲ್ಲಿ ಅದು 19. ಆದರೆ ಇಲ್ಲಿನ ಷರತ್ತುಗಳನ್ನು ಗಮನಿಸಬೇಕು. ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 1 ಎಂದಷ್ಟೇ ಇರುವವರ ಮೇಲೆ ನಡೆದ ಪ್ರಯೋಗ ಇದಲ್ಲ. ಇನ್ನೊಂದೆಡೆ ಸೆಲೆಕ್ಟ್ ಎಂಬ ದೊಡ್ಡ ಅಧ್ಯಯನ, ದಿನಕ್ಕೆ 400 ಯೂನಿಟ್ ತೆಗೆದುಕೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17 ಪ್ರತಿಶತ ಹೆಚ್ಚಾಯಿತೆಂದು 2011ರಲ್ಲಿ ವರದಿ ಮಾಡಿತು. ರಕ್ತ ತೆಳುಮಾಡುವ ಔಷಧ ಸೇವಿಸುವವರಿಗೆ ರಕ್ತಸ್ರಾವದ ಭಯವೂ ಇದೆ. ಹಾಗಾಗಿ ಚರ್ಮ, ಕೂದಲಿಗೆಂದು ಎಲ್ಲ ಅಂಗಡಿಗಳಲ್ಲಿ ಸಿಗುವ 400ರ ಹಸಿರು ಕ್ಯಾಪ್ಸೂಲನ್ನು ಎರಡು ವರ್ಷ ನುಂಗುವ ನಿರ್ಧಾರ ತಜ್ಞರದ್ದೇ ಆಗಿರಬೇಕು.

ಒಮೆಗಾ-3 ಕೊಬ್ಬು ಟ್ರೈಗ್ಲಿಸರೈಡನ್ನೂ ಯಕೃತ್ತಿನ ಕೊಬ್ಬನ್ನೂ ತಗ್ಗಿಸುತ್ತದೆ. ಉರಿಯೂತ ಅಥವಾ ನಾರುಗಟ್ಟುವಿಕೆ ತಗ್ಗಿಸುತ್ತದೆಂದು ಸಾಬೀತಾಗಿಲ್ಲ. ಇಲ್ಲಿ ಲೇಬಲ್ ಓದುವ ಜಾಣ್ಮೆ ಬೇಕು. ‘1000 ಮಿ.ಗ್ರಾಂ ಮೀನೆಣ್ಣೆ’ ಎಂದಿರುವ ಸಾಮಾನ್ಯ ಕ್ಯಾಪ್ಸೂಲಿನಲ್ಲಿ ನಿಜವಾದ ಒಮೆಗಾ-3 ಅಂಶಗಳಾದ ಇಪಿಎ 180, ಡಿಎಚ್‌ಎ 120, ಹೀಗೆ ಒಟ್ಟು 300 ಮಿಲಿಗ್ರಾಂ ಮಾತ್ರ ಇರುತ್ತದೆ. ಪ್ರಯೋಗಗಳಲ್ಲಿ ಬಳಸಿದ ದಿನಕ್ಕೆ 2 ಗ್ರಾಂ ಮುಟ್ಟಲು ಅಂಥ ಏಳು ಬೇಕು. ಅಷ್ಟು ದೊಡ್ಡ ಪ್ರಮಾಣದಲ್ಲಿ ಹೃದಯಬಡಿತದ ಲಯ ತಪ್ಪುವ ಅಪಾಯ ತುಸು ಏರುವುದರಿಂದ ಹೃದ್ರೋಗಿಗಳು ಕೇಳಿಕೊಂಡೇ ಆರಂಭಿಸಬೇಕು. ಕರಾವಳಿಯವರಿಗೆ ಬೂತಾಯಿ, ಬಂಗುಡೆ ಇವೆ. ಸಸ್ಯಾಹಾರಿಗಳು ಅಗಸೆಬೀಜವನ್ನೇ ನೆಚ್ಚಿಕೊಂಡರೆ ಅದರ ಅತ್ಯಲ್ಪ ಭಾಗ ಮಾತ್ರ ಇಪಿಎ, ಡಿಎಚ್‌ಎ ಆಗಿ ಮಾರ್ಪಡುತ್ತದೆ. ಪಾಚಿಯಿಂದ ತೆಗೆದ ಎಣ್ಣೆ ಅವರಿಗೆ ಸೂಕ್ತ, ಆದರೆ ಹೊದಿಕೆ ಪ್ರಾಣಿಜನ್ಯ ಜೆಲಾಟಿನ್ನಿನದಲ್ಲವೆಂದು ನೋಡಿಕೊಳ್ಳಬೇಕು.

ಮಿಲ್ಕ್ ಥಿಸಲ್ ಗಿಡದ ಸಿಲಿಮರಿನ್ ಬಗ್ಗೆ ಪ್ರಚಾರ ದೊಡ್ಡದು, ಫಲ ಚಿಕ್ಕದು. 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೆಪಟೈಟಿಸ್ ಸಿ ರೋಗಿಗಳಿಗೆ ದಿನಕ್ಕೆ ಮೂರು ಬಾರಿ 420 ಅಥವಾ 700 ಮಿಲಿಗ್ರಾಂ ಕೊಟ್ಟರೂ ಎಸ್‌ಜಿಪಿಟಿ ಹುಸಿಮಾತ್ರೆಗಿಂತ ಹೆಚ್ಚು ಇಳಿಯಲಿಲ್ಲ. ನಮ್ಮ ಅಂಗಡಿಗಳ ಮಾತ್ರೆ ಸಾಮಾನ್ಯವಾಗಿ 140 ಮಿಲಿಗ್ರಾಮಿನದು. ದೊಡ್ಡ ತೊಂದರೆ ಕೊಡುವ ವಸ್ತುವಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಆದರೂ ಅದು ಸೇವಂತಿಗೆಯ ಕುಟುಂಬಕ್ಕೆ ಸೇರಿದ ಗಿಡ. ನಮ್ಮ ರಸ್ತೆಬದಿಯ ಕಾಂಗ್ರೆಸ್ ಗಿಡವೂ ಅದೇ ಕುಟುಂಬದ್ದು. ಪಾರ್ಥೇನಿಯಂ ಅಲರ್ಜಿ ಇರುವವರು ಎಚ್ಚರ ವಹಿಸಬೇಕು.

ನೆಲನೆಲ್ಲಿಯ ವಿಷಯಕ್ಕೆ ಬರುವಾಗ ಕೆಲವರಿಗೆ ಬೇಸರವಾದೀತು. 1988ರಲ್ಲಿ ಮದ್ರಾಸಿನ ಸಂಶೋಧಕರು ಹೆಪಟೈಟಿಸ್ ಬಿ ವಾಹಕರಿಗೆ ಈ ಗಿಡದ ಪುಡಿ ಕೊಟ್ಟು, 59 ಪ್ರತಿಶತ ಮಂದಿಯಲ್ಲಿ ವೈರಸ್ಸಿನ ಗುರುತು ಮಾಯವಾಯಿತೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಾಗ ಜಗತ್ತೇ ತಿರುಗಿ ನೋಡಿತ್ತು. ನಂತರ ಬೇರೆ ದೇಶಗಳಲ್ಲಿ ನಡೆದ ಪ್ರಯೋಗಗಳಲ್ಲಿ ಆ ಫಲಿತಾಂಶ ಮರುಕಳಿಸಲಿಲ್ಲ. ನಮ್ಮೂರ ಕಾಮಾಲೆ ಮದ್ದುಗಳು ‘ಕೆಲಸ ಮಾಡುವುದು’ ಏಕೆಂದರೆ, ಹೆಪಟೈಟಿಸ್ ಎ ಮತ್ತು ಇ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಹೆಪಟೈಟಿಸ್ ಬಿ ಹಾಗಲ್ಲ. ಅದನ್ನು ಹತೋಟಿಯಲ್ಲಿಡುವ ಮಾತ್ರೆಗಳಿರುವಾಗ ಕಷಾಯದಲ್ಲಿ ವರ್ಷ ಕಳೆಯುವುದು ದುಬಾರಿಯಾಗುತ್ತದೆ.

ಪೂರಕಗಳಿಗೆ ನಿಜವಾದ ಕೆಲಸವಿರುವುದು ಮುಂದುವರಿದ ಕಾಯಿಲೆಗಳಲ್ಲಿ. ಪಿತ್ತರಸ ಕರುಳಿಗೆ ಇಳಿಯದಿದ್ದರೆ ಎ, ಡಿ, ಇ, ಕೆ ವಿಟಮಿನ್ನುಗಳು ಹೀರಲ್ಪಡುವುದಿಲ್ಲ. ಆಗ ಅವನ್ನು ಅಳೆದು ತುಂಬಿಕೊಡಬೇಕು. ಅಳೆಯದೆ ಕೊಟ್ಟರೆ ವಿಟಮಿನ್ ಎ ಸ್ವತಃ ಯಕೃತ್ತಿಗೆ ವಿಷವಾಗಬಲ್ಲದು. ಸಿರೋಸಿಸ್ ಇರುವವರಿಗೆ ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಮಲಗುವ ಮುನ್ನ ಒಂದು ಸಣ್ಣ ಊಟ ಬೇಕು. ಕೊರತೆಯಿದ್ದರೆ ಝಿಂಕ್ ಕೊಡುತ್ತಾರೆ. ಕಾಮಾಲೆಯೆಂದು ಬೇಳೆ, ಮೊಸರು, ಮೊಟ್ಟೆ ಎಲ್ಲ ಬಿಡಿಸಿ ಗಂಜಿಯಲ್ಲೇ ಇಡುವ ಪಥ್ಯ ಇಂಥವರ ಸ್ನಾಯುವನ್ನು ಕರಗಿಸುತ್ತದೆ. ರಕ್ತದಲ್ಲಿ ಕಬ್ಬಿಣ ಹೆಚ್ಚಿರುವವರು ಕಬ್ಬಿಣ ಮತ್ತು ವಿಟಮಿನ್ ಸಿ ಮಾತ್ರೆಗಳನ್ನು, ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಯವರು ತಾಮ್ರವಿರುವ ಮಲ್ಟಿವಿಟಮಿನ್ನುಗಳನ್ನು ಮುಟ್ಟಬಾರದು.

ಪಿತ್ತಕೋಶದ ಲೆಕ್ಕ ಬೇರೆ

ಯಕೃತ್ತು ದಿನಕ್ಕೆ 600ರಿಂದ 1000 ಮಿಲಿಲೀಟರ್ ಪಿತ್ತರಸ ತಯಾರಿಸುತ್ತದೆ. 30ರಿಂದ 50 ಮಿಲಿಲೀಟರ್ ಹಿಡಿಯುವ ಪಿತ್ತಕೋಶ ಅದನ್ನು ಗಟ್ಟಿಯಾಗಿಸಿ ಇಟ್ಟುಕೊಂಡು, ಊಟದಲ್ಲಿ ಕೊಬ್ಬು ಬಂದಾಗ ಹಿಂಡಿ ಹೊರಹಾಕುತ್ತದೆ. ದೀರ್ಘ ಉಪವಾಸದಲ್ಲೂ ಕೊಬ್ಬೇ ಇಲ್ಲದ ಪಥ್ಯದಲ್ಲೂ ಅದು ಹಿಂಡದೆ ಉಳಿಯುವುದರಿಂದ ಕಲ್ಲು ಕಟ್ಟಲು ಅನುಕೂಲವಾಗುತ್ತದೆ. ತೂಕ ಇಳಿಸುವವರ ಒಂದು ಊಟದಲ್ಲಾದರೂ ಎರಡು ಚಮಚ ಎಣ್ಣೆಯೋ ಒಂದು ಹಿಡಿ ಕಡಲೆಕಾಯಿಯೋ ಇರಬೇಕು.

ಆಗಲೇ ಕಲ್ಲು ಇರುವವರು ಅರಿಶಿನದ ಕ್ಯಾಪ್ಸೂಲಿನಿಂದ ದೂರವಿರಬೇಕು. ಕೇವಲ 20 ಮಿಲಿಗ್ರಾಂ ಕರ್ಕ್ಯುಮಿನ್ ಕೂಡ ಪಿತ್ತಕೋಶವನ್ನು ಗಮನಾರ್ಹವಾಗಿ ಸಂಕುಚಿಸುತ್ತದೆ. ಕಲ್ಲು ತುಂಬಿದ ಚೀಲವನ್ನು ಹಾಗೆ ಹಿಂಡಿದರೆ ಕಲ್ಲು ನಾಳಕ್ಕೆ ಜಾರಬಹುದು. ಬಾಳೆದಿಂಡಿನ ರಸ, ಕಾಡುಬಸಳೆ ಎಲೆಗಳು ಮೂತ್ರಪಿಂಡದ ಕಲ್ಲಿಗೆಂದು ಬಳಕೆಯಲ್ಲಿರುವಂಥವು. ಪಿತ್ತಕೋಶಕ್ಕೂ ಮೂತ್ರನಾಳಕ್ಕೂ ಯಾವ ಸಂಪರ್ಕವೂ ಇಲ್ಲದಿರುವಾಗ ‘ಕಲ್ಲು ಮೂತ್ರದಲ್ಲಿ ಹೋಯಿತು’ ಎಂಬ ಮಾತಿಗೆ ಆಧಾರವಿಲ್ಲ. ಅರ್ಸೋಡಿಆಕ್ಸಿಕೋಲಿಕ್ ಆಮ್ಲ ಕೊಲೆಸ್ಟ್ರಾಲಿನ ಸಣ್ಣ ಕಲ್ಲುಗಳನ್ನು ನಿಧಾನವಾಗಿ ಕರಗಿಸಬಲ್ಲದು, ಆದರೆ ಅದು ಔಷಧ, ಪೂರಕವಲ್ಲ. ದಕ್ಷಿಣ ಭಾರತದಲ್ಲಿ ಉತ್ತರಕ್ಕಿಂತ ಹೆಚ್ಚಾಗಿ ಕಾಣುವ ಕಪ್ಪು ಪಿಗ್ಮೆಂಟ್ ಕಲ್ಲುಗಳ ಮೇಲೆ ಅದರ ಆಟ ನಡೆಯುವುದಿಲ್ಲ.

ಆಲಿವ್ ಎಣ್ಣೆ, ನಿಂಬೆರಸ ಕುಡಿದು ಮರುದಿನ ಹಸಿರು ‘ಕಲ್ಲುಗಳು’ ಬಿದ್ದವೆಂದು ಚಿತ್ರ ಹಂಚುವ ‘ಲಿವರ್ ಫ್ಲಶ್’ ವಿಧಾನವನ್ನು 2005ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಒಂದು ವರದಿ ಬಯಲಿಗೆಳೆದಿದೆ. ಆ ಉಂಡೆಗಳಲ್ಲಿ ಕೊಲೆಸ್ಟ್ರಾಲಾಗಲಿ ಬಿಲಿರುಬಿನ್ ಆಗಲಿ ಇರಲಿಲ್ಲ, ತುಸು ಬಿಸಿಗೆ ಕರಗಿದವು. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಾಗಿತ್ತು. ಪಿತ್ತಕೋಶ ತೆಗೆಸಿಕೊಂಡವರಲ್ಲಿ ಕೆಲವರಿಗೆ ಊಟವಾದೊಡನೆ ಭೇದಿಯಾಗುತ್ತದೆ. ಅವರಿಗೆ ದಿನಕ್ಕೆ ಒಂದೆರಡು ಚಮಚ ಇಸಬ್‌ಗೋಲ್ ಸಾಕಷ್ಟು ನೀರಿನೊಂದಿಗೆ ಒಳ್ಳೆಯದು. ಉಳಿದ ಮಾತ್ರೆಗಳಿಗೂ ಅದಕ್ಕೂ ಎರಡು ಗಂಟೆಯ ಅಂತರವಿರಲಿ.

ಐದನೆಯ ಹಂತ: ಡಬ್ಬಿಯನ್ನು ಓದಿ

ಆಹಾರ ಪೂರಕವಾಗಿದ್ದರೆ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಪರವಾನಗಿ ಸಂಖ್ಯೆಯೂ ಔಷಧೀಯ ಬಳಕೆಗಲ್ಲ ಎಂಬ ಸಾಲೂ ಇರಬೇಕು. ಹಾಗಿದ್ದೂ ‘ಲಿವರ್ ಕಾಯಿಲೆ ಗುಣಪಡಿಸುತ್ತದೆ’ ಎಂದು ಬರೆದಿದ್ದರೆ ತಯಾರಕರು ತಮ್ಮ ಲೇಬಲ್ಲನ್ನೇ ಅಲ್ಲಗಳೆಯುತ್ತಿದ್ದಾರೆ ಎಂದರ್ಥ. ಪ್ರತಿ ಘಟಕದ ಪ್ರಮಾಣ ಹೇಳದೆ ‘ಪ್ರೊಪ್ರೈಟರಿ ಬ್ಲೆಂಡ್’ ಎಂದಷ್ಟೇ ಇದ್ದರೆ ಕೊಳ್ಳಬೇಡಿ. ಆಯುರ್ವೇದ ಔಷಧಗಳಲ್ಲಿ ಭಸ್ಮ, ರಸ, ಕಜ್ಜಲಿ ಎಂಬ ಪದಗಳನ್ನು ಹುಡುಕಿ. ಯಕೃತ್ತಿಗೆಂದೇ ಹೆಸರಾದ ಆರೋಗ್ಯವರ್ಧಿನಿ ಗುಳಿಗೆಯಲ್ಲಿ ಪಾದರಸ ಮತ್ತು ಗಂಧಕದ ಕಜ್ಜಲಿಯೂ ತಾಮ್ರಭಸ್ಮವೂ ಇರುತ್ತವೆ. ಇಂಥವನ್ನು ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕೆಂದು ಲೇಬಲ್ಲಿನಲ್ಲಿ ಮುದ್ರಿಸುವುದು ಕಾನೂನಿನ ಕಟ್ಟಳೆ. ಅಮೆರಿಕದಿಂದ ಮಕ್ಕಳು ತಂದುಕೊಡುವ ಡಬ್ಬಿಗಳು ಹೆಚ್ಚು ಶುದ್ಧವೆಂದು ಭಾವಿಸಲೂ ಕಾರಣವಿಲ್ಲ. 1994ರ ಅಲ್ಲಿನ ಕಾಯ್ದೆಯಡಿ ಪೂರಕಗಳು ಮಾರುಕಟ್ಟೆಗೆ ಬರುವ ಮುನ್ನ ಅವುಗಳ ಸುರಕ್ಷತೆಗಾಗಲಿ ಪರಿಣಾಮಕ್ಕಾಗಲಿ ಎಫ್‌ಡಿಎ ಒಪ್ಪಿಗೆ ಬೇಕಿಲ್ಲ. ಯುಎಸ್‌ಪಿ ಅಥವಾ ಎನ್‌ಎಸ್‌ಎಫ್ ಎಂಬ ಸ್ವತಂತ್ರ ಗುಣಮಟ್ಟ ಸಂಸ್ಥೆಗಳ ಮುದ್ರೆಯಿದ್ದರೆ ಒಳಗಿರುವುದು ಲೇಬಲ್ಲಿಗೆ ಹೊಂದುತ್ತದೆಂದು ನಂಬಬಹುದು, ಗುಣ ಕೊಡುತ್ತದೆಂದಲ್ಲ.

ಆರನೆಯ ಹಂತ: ಆರಂಭಿಸುವುದು, ಅಳೆಯುವುದು, ನಿಲ್ಲಿಸುವುದು

ಆರಂಭಿಸುವ ದಿನಕ್ಕೆ ಹಿಂದಿನ ಎರಡು ವಾರದೊಳಗಿನ ಲಿವರ್ ಪರೀಕ್ಷೆಯ ವರದಿ ಕೈಯಲ್ಲಿರಬೇಕು. ಒಂದು ಬಾರಿಗೆ ಒಂದೇ ಪೂರಕ. ಎರಡನ್ನು ಒಟ್ಟಿಗೆ ಆರಂಭಿಸಿದರೆ ಲಾಭವೂ ತೊಂದರೆಯೂ ಯಾವುದರದೆಂದು ತಿಳಿಯದು. ಆರಂಭದ ದಿನಾಂಕ, ಬ್ಯಾಚ್ ಸಂಖ್ಯೆ, ಪ್ರಮಾಣಗಳನ್ನು ಬರೆದಿಡಿ. ಪೂರಕಜನ್ಯ ಹಾನಿ ಸಾಮಾನ್ಯವಾಗಿ ಮೊದಲ ಆರು ತಿಂಗಳೊಳಗೆ ಕಾಣಿಸಿಕೊಳ್ಳುವುದರಿಂದ ಆರನೆಯ ವಾರ, ಮೂರನೆಯ ತಿಂಗಳು, ಆರನೆಯ ತಿಂಗಳು ಪರೀಕ್ಷೆ ಮಾಡಿಸುವುದು ಸಮಂಜಸ. ಮೂರು ತಿಂಗಳಲ್ಲಿ ಅಂಕಿಗಳು ಒಂದಿಷ್ಟೂ ಕದಲದಿದ್ದರೆ ಮುಂದುವರಿಸಬೇಕೇ ಎಂದು ವೈದ್ಯರೊಡನೆ ಮರುಚಿಂತಿಸಿ. ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ಎರಡು ವಾರ ಮೊದಲೇ ನಿಲ್ಲಿಸಿ, ಅರಿವಳಿಕೆ ತಜ್ಞರಿಗೆ ತಿಳಿಸಿ.

ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುವುದು, ಮಲ ಬಿಳಿಚುವುದು, ಕಾರಣವಿಲ್ಲದ ತುರಿಕೆ, ಊಟ ಸೇರದಿರುವುದು, ಕಣ್ಣು ಹಳದಿಯಾಗುವುದು ಇವುಗಳಲ್ಲಿ ಒಂದು ಕಂಡರೂ ಪೂರಕವನ್ನು ಅಂದೇ ಬಿಟ್ಟು ಪರೀಕ್ಷೆ ಮಾಡಿಸಬೇಕು. ಲಕ್ಷಣವಿಲ್ಲದಿದ್ದರೂ ಎಸ್‌ಜಿಪಿಟಿ ಸಾಮಾನ್ಯ ಮಿತಿಯ ಮೂರು ಪಟ್ಟು ದಾಟಿದರೆ ನಿಲ್ಲಿಸಿ ವೈದ್ಯರನ್ನು ಕಾಣಿ; ಅದರೊಂದಿಗೆ ಬಿಲಿರುಬಿನ್ ಎರಡು ಪಟ್ಟು ದಾಟಿದ್ದರೆ ಅದು ಯಕೃತ್ ವೈಫಲ್ಯದ ಮುನ್ಸೂಚನೆಯಾಗಿರಬಹುದಾದ್ದರಿಂದ ಮರುದಿನಕ್ಕೆ ಮುಂದೂಡಬಾರದು. ಅಂಕಿಗಳು ಇಳಿದ ಮೇಲೆ ಅದೇ ಪೂರಕವನ್ನು ‘ಮತ್ತೊಮ್ಮೆ ನೋಡೋಣ’ ಎಂದು ಆರಂಭಿಸುವುದು ಅತ್ಯಂತ ಅಪಾಯಕಾರಿ. ಎರಡನೆಯ ಸಲದ ಹಾನಿ ಮೊದಲಿಗಿಂತ ಬೇಗ ಮತ್ತು ತೀವ್ರವಾಗಿ ಬರಬಹುದು. ವೈದ್ಯರ ಬಳಿ ಹೋಗುವಾಗ ಡಬ್ಬಿಯನ್ನು, ಉಳಿದ ಮಾತ್ರೆಗಳ ಸಮೇತ, ತೆಗೆದುಕೊಂಡು ಹೋಗಿ. ಹೊಸದಿಲ್ಲಿ ಸಮೀಪದ ಗಾಜಿಯಾಬಾದಿನಿಂದ ನಡೆಯುವ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಶುಲ್ಕರಹಿತ ಸಂಖ್ಯೆ 1800-180-3024ಕ್ಕೆ ರೋಗಿಗಳು ತಾವೇ ಕರೆಮಾಡಿ ದೂರು ದಾಖಲಿಸಬಹುದು. ಬ್ಯಾಚ್ ಸಂಖ್ಯೆಯನ್ನು ಬರೆದಿಟ್ಟವರಿಗೆ ಆ ಕರೆ ಸುಲಭವಾಗುತ್ತದೆ.